ಕಾಯಿಲೆಗಿಂತ ಮೊದಲಿನ ಮದ್ದು

ಜೂನ್ 2, ಮಂಗಳವಾರ

ಬೆಳಗ್ಗೆಯಿಂದ ತಕ್ಕಡಿಯ ಮುಂದೆಯೇ. ಇಲಿಯ ಶ್ವಾಸಕೋಶ ಹಸಿಯಾಗಿದ್ದಾಗ ಒಂದು ತೂಕ, ಓವನ್‌ನಲ್ಲಿ ಒಣಗಿಸಿ ಇನ್ನೊಂದು ತೂಕ. ಎರಡಕ್ಕೂ ಇರುವ ವ್ಯತ್ಯಾಸವೇ ನೀರು. ರಕ್ತಕ್ಕೆ ನಂಜೇರಿದ ಇಲಿಯ ಎದೆಯಲ್ಲಿ ಇರಬಾರದಷ್ಟು ನೀರು ಇರುತ್ತದೆ. ಸಾಯುವುದು ಅದರಿಂದಲೇ — ನೆಲದ ಮೇಲಿದ್ದೂ ಮುಳುಗಿ. ನಮ್ಮ ಹಳದಿ ಪುಡಿ ಕೊಟ್ಟ ಇಲಿಗಳಲ್ಲಿ ನೀರು ಕಡಿಮೆ. ಇಷ್ಟು ವರ್ಷದ ನನ್ನ ದುಡಿಮೆಯನ್ನು ಒಂದು ಸಾಲಿನಲ್ಲಿ ಹೇಳಿ ಅಂದರೆ ಇದೇ.

ಪುಡಿ ಅಂದರೆ ಫ್ಲೇವನಾಯ್ಡ್. ಎಲೆಗೂ ಹೂವಿಗೂ ಹಣ್ಣಿನ ಸಿಪ್ಪೆಗೂ ಬಣ್ಣ ಕೊಡುವ ಜಾತಿ. ಗಿಡ ತನ್ನ ಪಾಡಿಗೆ ತಾನು ಮಾಡಿಕೊಂಡದ್ದನ್ನು ನಾವು ಕುದಿಸಿ, ಸೋಸಿ, ಹಿಂಡಿ ಒಂದು ಚಿಟಿಕೆ ತೆಗೆಯುತ್ತೇವೆ. ನಂಜೇರಿದಾಗ ಮೈ ಗಾಬರಿಬಿದ್ದು ತನ್ನ ಶ್ವಾಸಕೋಶವನ್ನು ತಾನೇ ಉರಿಸಿಕೊಳ್ಳುತ್ತದೆ. ಆ ಉರಿಯನ್ನು ಪುಡಿ ತಗ್ಗಿಸುತ್ತದೆ. ಇಲಿಯಲ್ಲಿ.

ಹೋದ ತಿಂಗಳು ಪೇಪರಿನವರು ಬರೆದರು — 'ಊದಿದ ಶ್ವಾಸಕೋಶಕ್ಕೆ ಗಿಡದ ಸಂಜೀವಿನಿ'. ಇಲಿ ಎಂಬ ಮಾತು ಕೊನೆಯ ಸಾಲಿನಲ್ಲಿ, ಮೂಲೆಯಲ್ಲಿ ಮುದುರಿಕೊಂಡು ಕೂತಿದೆ. ಅಮ್ಮ ಅದನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ. ನೀರಿನ ಕ್ಯಾನ್ ತರುವವನನ್ನೂ ನಿಲ್ಲಿಸಿಕೊಂಡು ಓದಿ ಹೇಳಿದಳು. ನಾನು ನಾಚಿಕೆ ತಾಳಲಾರದೆ ಬಚ್ಚಲಿಗೆ ಹೋಗಿ ನಿಂತೆ.

ಮಧ್ಯಾಹ್ನ ಜರ್ನಲ್‌ನವರ ಉತ್ತರ ಬಂತು. ನಮ್ಮ ಲೇಖನವನ್ನು ಪರಿಶೀಲಿಸಿದ ಯಾರೋ ಪುಣ್ಯಾತ್ಮ ಒಂದೇ ಪ್ರಶ್ನೆ ಕೇಳಿದ್ದಾನೆ: ಕಾಯಿಲೆ ಬರಿಸುವುದಕ್ಕೆ ಮೊದಲೇ ಔಷಧಿ ಕೊಟ್ಟಿದ್ದೀರಿ, ಬಂದ ಮೇಲೆ ಕೊಟ್ಟರೆ ಏನಾಗುತ್ತದೆ? ಲ್ಯಾಬಿನ ಮುಖ್ಯಸ್ಥರು, ನಮ್ಮ ಸರ್, ಕೆಂಡವಾದರು. "ಎಲ್ಲರೂ ಹೀಗೇ ತಾನೆ ಮಾಡೋದು? ಇವನೊಬ್ಬನಿಗೆ ಏನು ಬಂತು ರೋಗ?"

ನಿಜ. ಎಲ್ಲರೂ ಹೀಗೇ. ಮೊದಲು ಪುಡಿ. ಒಂದು ಗಂಟೆ ಬಿಟ್ಟು ಆಪರೇಷನ್ — ಕರುಳಿನ ತುದಿಗೆ ದಾರ ಕಟ್ಟಿ ಸೂಜಿಯಿಂದ ತೂತು ಮಾಡುವುದು. ಕೊಳಕು ಹೊಟ್ಟೆಯೊಳಗೆ ಸೋರಿ ರಕ್ತಕ್ಕೆ ಹೋಗುತ್ತದೆ. ಪುಡಿ ಮೊದಲೇ ಕೊಟ್ಟರೆ ಫಲಿತಾಂಶ ಚೊಕ್ಕವಾಗಿ ಬರುತ್ತದೆ. ಆಮೇಲೆ ಕೊಟ್ಟು ತಲೆನೋವು ಯಾರು ತಂದುಕೊಳ್ಳುತ್ತಾರೆ?

"ಇಲಿಗಳ ಒಂದು ಸಣ್ಣ ಗುಂಪಿಗೆ ಆಮೇಲೆ ಕೊಟ್ಟು ನೋಡಿ ಅವನ ಬಾಯಿ ಮುಚ್ಚಿಸೋಣ" ಅಂದರು ಸರ್. ಆಯಿತು ಅಂದೆ. ಯಾವತ್ತು ಅಂತ ಹೇಳಲಿಲ್ಲ.

ಜೂನ್ 4, ಗುರುವಾರ

ತಮ್ಮನ ಮನೆಯಲ್ಲಿ ಊಟ. ಅಮ್ಮನೂ ನಾನೂ. ಅವನು ಲಿಫ್ಟ್ ಮೆಕ್ಯಾನಿಕ್, ಅವನಿರುವ ಕಟ್ಟಡದಲ್ಲೇ ಲಿಫ್ಟ್ ಇಲ್ಲ. ಅಮ್ಮ ಒಂದೊಂದು ಮಹಡಿಗೂ ನಿಂತು, ಏದುಸಿರು ಬಿಟ್ಟು, ಅವನನ್ನು ಬೈದಳು.

ಬಾಗಿಲಲ್ಲೇ ಶುರು. "ಬಂದ್ರಪ್ಪ ಇಲಿ ಡಾಕ್ಟ್ರು! ಇವತ್ತು ಎಷ್ಟು ಜನಾನ ಮೇಲಕ್ಕೆ ಕಳಿಸಿದ್ರಿ?"

"ನಿನಗಿಂತ ಕಮ್ಮಿನೇ. ನೀನು ಬಟನ್ ಒತ್ತಿ ಕಳಿಸ್ತೀಯ."

ಅವನ ಮಗಳು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕು, ಕೆಮ್ಮಿ, ಬೈಸಿಕೊಂಡಳು. ಅವಳಿಗೆ ಪಟಾಕಿ ಅಂತ ಹೆಸರಿಟ್ಟವನೂ ಅವನೇ. ಒಂದನೇ ಕ್ಲಾಸು. ಬಾಯಿಗೆ ರಜೆಯೇ ಇಲ್ಲ.

ಜರ್ನಲ್‌ನವನ ಪ್ರಶ್ನೆ ಹೇಳಿ ಗೋಳಾಡಿದೆ. ತಮ್ಮ ಹುಬ್ಬೇರಿಸಿದ. "ಅಂದ್ರೆ ಕೆಡೋ ಮುಂಚೇನೇ ರಿಪೇರಿ ಮಾಡ್ತಿದ್ರಾ ಇಷ್ಟು ದಿನ? ನಮ್ಮಲ್ಲಿ ಅದನ್ನ ಸರ್ವೀಸ್ ಅಂತಾರಕ್ಕ. ಲಿಫ್ಟ್ ಮಧ್ಯದಲ್ಲಿ ನಿಂತು, ಒಳಗಿರೋರು ಬಾಗಿಲು ಬಡಿತಾ ಇರ್ತಾರಲ್ಲ, ಆಗ ಬಂದು ತೆಗಿ ನೋಡೋಣ." ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು, ನಾನೂ ನಕ್ಕೆ.

ಊಟ ಅರ್ಧಕ್ಕೆ ಬಿಟ್ಟ. ಸೊಂಟದ ಪಕ್ಕ ಕೈ ಒತ್ತಿ ಹಿಡಿದು ಕೂತಿದ್ದ. ಮೋಟಾರ್ ಎತ್ತಿದ್ದು, ಹಿಡ್ಕೊಂಡಿದೆ ಅಂದ. "ತೋರಿಸ್ಕೊಂಡು ಬನ್ನಿ ಅಂದ್ರೆ ಕಿವಿ ಮೇಲೇ ಹಾಕ್ಕೊಳಲ್ಲ" ಅಂತ ಅವನ ಹೆಂಡತಿ ನನ್ನ ಕಡೆ ನೋಡಿದಳು. ಹೋಗಿ ತೋರಿಸು, ನಾಳೆನೇ, ಅಂತ ನಾನೂ ಗದರಿಸಿದೆ. ಹೂಂ ಹೂಂ ಅಂದ.

ಜೂನ್ 8, ಸೋಮವಾರ, ಮಧ್ಯಾಹ್ನ

ಆಸ್ಪತ್ರೆಯ ಕಾರಿಡಾರ್. ಪುಸ್ತಕ ಕೈಚೀಲದಲ್ಲೇ ಇತ್ತು. ಬರೆಯದೆ ಕೂತರೆ ಹುಚ್ಚು ಹಿಡಿಯುತ್ತದೆ.

ನಿನ್ನೆ ಯಾವುದೋ ಎಮರ್ಜೆನ್ಸಿ ಕಾಲ್‌ಗೆ ಹೋದವನು ಕೆಲಸದ ಜಾಗದಲ್ಲೇ ಕುಸಿದ. ಮೋಟಾರೂ ಅಲ್ಲ ಮಣ್ಣೂ ಅಲ್ಲ. ಮೂತ್ರಪಿಂಡದಿಂದ ಇಳಿದ ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿದೆ. ಅದರ ಹಿಂದೆ ಕೀವು ಕಟ್ಟಿ ರಕ್ತಕ್ಕೆ ಸೇರಿದೆ. ಜ್ವರ ಶುಕ್ರವಾರದಿಂದಲೇ ಇತ್ತಂತೆ. ಮಾತ್ರೆ ನುಂಗಿ ನುಂಗಿ ಹೆಂಡತಿಗೂ ಗೊತ್ತಾಗದಂತೆ ಕೆಲಸಕ್ಕೆ ಹೋಗಿದ್ದಾನೆ, ಕತ್ತೆ.

ಸೆಪ್ಸಿಸ್, ರಕ್ತಕ್ಕೆ ನಂಜು. ದಿನಕ್ಕೆ ನೂರು ಸಲ ಹೇಳುವ ಪದ. ಡ್ಯೂಟಿ ಡಾಕ್ಟರ ಬಾಯಲ್ಲಿ ಕೇಳಿದಾಗ, ಇನ್ನೊಂದು ಸಲ ಹೇಳಿ ಅಂದೆ. ನಾಳಕ್ಕೆ ನಳಿಕೆ ಇಟ್ಟು ಕೀವು ಇಳಿಸಿದ್ದಾರೆ. ದೊಡ್ಡ ದೊಡ್ಡ ಆ್ಯಂಟಿಬಯೋಟಿಕ್‌ಗಳು ಹೋಗುತ್ತಿವೆ. ಬಿಪಿ ಬೀಳದ ಹಾಗೆ ತಡೆಯಲು ಬೇರೆ ಡ್ರಿಪ್. ಬೆಳಗ್ಗೆ ಮಾತಾಡುತ್ತಿದ್ದ. ನನ್ನನ್ನು ನೋಡಿ, "ಅಕ್ಕ, ಬಾಲ ಬಂದಿದೆಯಾ ನೋಡು" ಅಂದ. ಉಸಿರು ಮಾತ್ರ ಓಡಿ ಬಂದವನ ಹಾಗೆ.

ಆ ಉಸಿರು ನನಗೆ ಗೊತ್ತು. ಪಂಜರದೊಳಗೆ ಎಷ್ಟೋ ಸಲ ಎಣಿಸಿದ್ದೇನೆ.

ಜೂನ್ 9, ಮಂಗಳವಾರ, ಸಂಜೆ

ವೆಂಟಿಲೇಟರ್ ಹಾಕಿದರು. ನಿದ್ದೆ ಬರಿಸಿ, ಗಂಟಲಿಗೆ ಕೊಳವೆ. ಐಸಿಯು ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಕಪ್ಪಾಗಿರಬೇಕಾದ ಎರಡೂ ಶ್ವಾಸಕೋಶ ಬೆಳ್ಳಗೆ. ನೀರು. "ನಿಮಗೆ ವಿವರಿಸೋ ಅಗತ್ಯ ಇಲ್ಲ ಅಲ್ವಾ?" ಅಂದರು. ಇತ್ತು. ಯಾರಾದರೂ ನನಗೆ ಏನೂ ಗೊತ್ತಿಲ್ಲದವಳಿಗೆ ಹೇಳುವ ಹಾಗೆ ಸುಳ್ಳು ಧೈರ್ಯ ಹೇಳಬೇಕಿತ್ತು.

ಹೊರಗೆ ಬಂದೆ. ಅಮ್ಮ ನನ್ನ ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋದಳು.

"ಶ್ವಾಸಕೋಶ ಊದಿದೆ ಅಂದ್ರಲ್ಲ."

"ಹೂಂ."

"ಅದಕ್ಕೇ ತಾನೆ ನಿನ್ನ ಮದ್ದು?"

"ಅಮ್ಮ, ಅದು ಇಲಿಗೆ."

"ಇಲಿಗೆ ಬದುಕೋ ಯೋಗ್ಯತೆ ಇದೆ, ನನ್ನ ಮಗನಿಗೆ ಇಲ್ವಾ?"

ಹೀಗಲ್ಲ ಹಾಗಲ್ಲ ಅಂತ ಏನೇನೋ ಹೇಳಿದೆ. ಪುಡಿ ನೀರಿನಲ್ಲಿ ಕರಗುವುದೇ ಇಲ್ಲ, ಬೇರೆ ದ್ರಾವಣದಲ್ಲಿ ಕಲಸಿ ಇಲಿಯ ಹೊಟ್ಟೆಗೇ ಚುಚ್ಚುತ್ತೇವೆ, ಮನುಷ್ಯನಿಗೆ ಎಷ್ಟು ಕೊಡಬೇಕೋ ಈ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ. ಅಮ್ಮ ಕೇಳಿಸಿಕೊಂಡಳು. ಕೊನೆಗೆ, "ಪೇಪರಿನಲ್ಲಿ ಇದೊಂದೂ ಇರ್ಲಿಲ್ವಲ್ಲೇ" ಅಂದಳು. ಹೌದಮ್ಮ, ಇರಲಿಲ್ಲ.

ಜೂನ್ 10, ಬುಧವಾರ

ನೋಡಲು ಬಿಡುವುದು ಸಂಜೆ ಸ್ವಲ್ಪ ಹೊತ್ತು. ಉಳಿದ ಹೊತ್ತು ಕಾರಿಡಾರಿನ ಗೋಡೆ ನೋಡಿ ಏನು ಮಾಡಲಿ? ಲ್ಯಾಬಿಗೆ ಹೋದೆ. ಸರ್, ನೀವ್ಯಾಕೆ ಬಂದ್ರಿ ಅಂದರು. ಕಾಯಿಲೆ ಬಂದ ಮೇಲೆ ಪುಡಿ ಕೊಡುವ ಆ ಗುಂಪು ಇವತ್ತೇ ಹಾಕುತ್ತೇನೆ ಅಂದೆ. ನನ್ನ ಮುಖ ನೋಡಿ ಕೀಲಿ ಕೊಟ್ಟರು.

ಇಲಿಮನೆ ನೋಡಿಕೊಳ್ಳುವವನು — ನಾವೆಲ್ಲ ಮಾವ ಅಂತೀವಿ — ಪಂಜರ ಇಳಿಸುತ್ತಾ, "ಯಾಕಮ್ಮ ಮುಖ ಬಾಡಿದೆ, ತಿಂಡಿ ತಿಂದಿಲ್ವಾ?" ಅಂದ. ತಿಂದೆ ಅಂದೆ. ತಿಂದಿರಲಿಲ್ಲ.

ಬೆಳಗ್ಗೆ ಆಪರೇಷನ್. ಒಂದಾದ ಮೇಲೆ ಒಂದು. ದಾರ, ಗಂಟು, ಸೂಜಿ. ಸಂಜೆಗೆ ಎಲ್ಲವೂ ಮುದುರಿ, ರೋಮ ನಿಮಿರಿಸಿಕೊಂಡು ಕೂತಿದ್ದವು. ಆಗ ಪುಡಿ ಕೊಟ್ಟೆ. ಅರ್ಧಕ್ಕೆ ಪುಡಿ, ಇನ್ನರ್ಧಕ್ಕೆ ಬರೀ ದ್ರಾವಣ. ಮೊದಲ ಸಲ, ಕಾಯಿಲೆ ಬಿದ್ದ ಪ್ರಾಣಿಗೆ ಔಷಧಿ ಕೊಡುತ್ತಿದ್ದೇನೆ. ಎಂಥ ವಿದ್ಯೆ ನಮ್ಮದು!

ಆಮೇಲೆ ಆಸ್ಪತ್ರೆ. ತಮ್ಮನಿಗೆ ಪುಡಿ ಕೊಡಬಹುದಾ ಅಂತ ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆ. ಅವರು ನಗಲಿಲ್ಲ, ಸಿಡುಕಲೂ ಇಲ್ಲ. "ನಿಮ್ಮ ಇಲಿಗಳಿಗೆ ಆ್ಯಂಟಿಬಯೋಟಿಕ್ ಕೊಡ್ತೀರಾ?" ಇಲ್ಲ. "ವೆಂಟಿಲೇಟರ್?" ಇಲ್ಲ. "ಇವರಿಗೆ ಎಲ್ಲಾ ಹೋಗ್ತಿದೆ. ಅದರ ಮೇಲೆ ನಿಮ್ಮದು ಏನ್ ಮಾಡುತ್ತೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಇವರ ಲಿವರ್ ಈಗಲೇ ಸೋಲ್ತಾ ಇದೆ. ನಾನು ಬಿಡಲ್ಲ." ಸ್ವಲ್ಪ ತಡೆದು, "ನಿಮ್ಮ ಜಾಗದಲ್ಲಿದ್ದಿದ್ರೆ ನಾನೂ ಕೇಳ್ತಿದ್ದೆ" ಅಂದರು.

ಸರಿಯಾದ ಉತ್ತರ. ನಾನೂ ಅದನ್ನೇ ಕೊಡುತ್ತಿದ್ದೆ. ಆದರೂ ಅವರ ಮೇಲೆ ಸಿಟ್ಟು ಬಂತು.

ಜೂನ್ 11, ಗುರುವಾರ, ಬೆಳಗ್ಗೆ

ಎದ್ದಿವೆ!

ಪುಡಿ ಕೊಟ್ಟ ಗುಂಪಿನಲ್ಲಿ ಒಂದು ಮೂತಿ ಉಜ್ಜಿಕೊಳ್ಳುತ್ತಿತ್ತು. ಇನ್ನೊಂದು ಕಾಳಿನ ಬಟ್ಟಲವರೆಗೆ ಹೋಗಿ ಬಂತು. ಕಾಯಿಲೆ ಇಲಿ ಮೂತಿ ಉಜ್ಜಿಕೊಳ್ಳುವುದಿಲ್ಲ. ಮಾವನನ್ನು ಕೂಗಿ ತೋರಿಸಿದೆ. "ಹೌದಲ್ಲ" ಅಂದ. ಪಕ್ಕದ ಪಂಜರದಲ್ಲಿ, ಬರೀ ದ್ರಾವಣದ ಗುಂಪಿನಲ್ಲೂ ಒಂದು ಓಡಾಡುತ್ತಿತ್ತು. ಅದನ್ನು ನೋಡಿದೆ. ನೋಡಿಲ್ಲ ಅಂದುಕೊಂಡೆ.

ಅಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಯಾಕೆ ಹೇಳಿದೆನೋ... ನಾಲಿಗೆ ನಿಲ್ಲಲಿಲ್ಲ. ಆ ಕಡೆಯಿಂದ ಅಮ್ಮ ಅಳುವುದು ಕೇಳಿಸಿತು.

ಅದೇ ದಿನ, ಸಂಜೆ

ಒಂದು ಪುಟ್ಟ ಶೀಶೆಯಲ್ಲಿ ಪುಡಿ ಕಲಸಿಕೊಂಡು ಹೋಗಿದ್ದೆ. ಬರೆದು ಇಡುತ್ತೇನೆ, ನನಗೆ ನಾನು ಮೋಸ ಮಾಡಿಕೊಳ್ಳಬಾರದು. ಕರವಸ್ತ್ರ ತೆಗೆಯುವಾಗ ಕೈಚೀಲದಲ್ಲಿ ಅಮ್ಮ ಅದನ್ನು ನೋಡಿದಳು. ಬಾಗಿಲವರೆಗೆ ಬಂದು ನನ್ನ ಬೆನ್ನು ಸವರಿದಳು.

ಒಳಗೆ ತಮ್ಮನನ್ನು ಬೋರಲು ಮಲಗಿಸಿದ್ದರು. ನೀರು ಮುಂದಕ್ಕೆ ಇಳಿದು ಬೆನ್ನಿನ ಕಡೆ ಗಾಳಿ ಆಡಲಿ ಅಂತ. ಮುಖ ಒಂದು ಪಕ್ಕಕ್ಕೆ ಒತ್ತಿ, ತುಟಿ ಊದಿ, ಅವನೇ ಅಲ್ಲದ ಹಾಗೆ. ಚಿಕ್ಕಂದಿನಲ್ಲಿ ಹೀಗೇ ಮಲಗುತ್ತಿದ್ದ, ದಿಂಬಿಗೆ ಜೊಲ್ಲು ಸುರಿಸಿಕೊಂಡು. ಮೂಗಿನಿಂದ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆ ಮಂಚದ ಅಂಚಿನಲ್ಲಿ, ನನ್ನ ಕೈಗೆ ಸಿಗುವ ಹಾಗೆ. ನರ್ಸ್ ಪಕ್ಕದ ಮಂಚದವರಿಗೆ ಡ್ರಿಪ್ ಬದಲಾಯಿಸುತ್ತಿದ್ದಳು. ಮುಚ್ಚಳ ತೆಗೆದರೆ ಮುಗಿಯಿತು.

ಲಿವರ್ ಸೋಲುತ್ತಿದೆ ಅಂದಿದ್ದರು. ನಮ್ಮ ದ್ರಾವಣ ಲಿವರ್‌ಗೆ ಒಳ್ಳೆಯದಲ್ಲ. ನಮ್ಮ ಲೇಖನದಲ್ಲಿ ನಾನೇ ಬರೆದದ್ದು.

ಶೀಶೆ ತೆಗೆಯಲಿಲ್ಲ. ಅವನ ಅಂಗೈ ಹಿಡಿದು ನಿಂತಿದ್ದೆ, ಹೊತ್ತು ಮುಗಿಯಿತು ಅಂತ ಕಳಿಸಿದರು. ಹೊರಗೆ ಅಮ್ಮ ಕಣ್ಣಲ್ಲೇ ಕೇಳಿದಳು. ತಲೆ ತಗ್ಗಿಸಿಕೊಂಡು ನೀರು ಕುಡಿಯಲು ಹೋದೆ.

ಜೂನ್ 12, ಶುಕ್ರವಾರ

ಸತ್ತಿವೆ. ಪುಡಿ ಕೊಟ್ಟವೂ ಕೊಡದವೂ. ಮೂತಿ ಉಜ್ಜಿಕೊಂಡದ್ದು ಮೊದಲು. ಉಳಿದವು ಮಧ್ಯಾಹ್ನದೊಳಗೆ. ಮಾವ ಪಂಜರಗಳ ಮುಂದೆ ಟೋಪಿ ತೆಗೆದು ನಿಂತಿದ್ದ, ಅವನಿಗೆ ನಮ್ಮ ಮನೆ ಸುದ್ದಿ ಯಾರೋ ಹೇಳಿದ್ದಾರೆ.

ಕೂತು ತೂಗಿದೆ. ಹಸಿ, ಒಣ. ನೀರು ಎರಡೂ ಗುಂಪಿನಲ್ಲಿ ಒಂದೇ. ಇನ್ನೊಂದು ಸಲ ತೂಗಿದೆ. ತಕ್ಕಡಿ ಸರಿ ಇಲ್ಲವೇನೋ ಅಂತ ಪಕ್ಕದ ಲ್ಯಾಬಿನ ತಕ್ಕಡಿಯಲ್ಲೂ ತೂಗಿದೆ. ನೀರು ನೀರೇ.

ಉರಿ ಹತ್ತುವ ಮೊದಲು ಕೊಟ್ಟರೆ ತಗ್ಗಿಸುತ್ತದೆ. ಹತ್ತಿದ ಮೇಲೆ ಏನೂ ಮಾಡುವುದಿಲ್ಲ. ಜಗತ್ತಿನಲ್ಲಿ ಯಾವ ರೋಗಿ ಕಾಯಿಲೆ ಬೀಳುವ ಒಂದು ಗಂಟೆ ಮೊದಲು ಆಸ್ಪತ್ರೆಗೆ ಬರುತ್ತಾನೆ? ಇಷ್ಟು ವರ್ಷ ಯಾವನಿಗಾಗಿ ಮಾಡಿದೆ ಇದನ್ನು? ಶೀಶೆಯನ್ನು ಸಿಂಕಿಗೆ ಸುರಿದೆ. ಬೆರಳಿಗೆ ಹತ್ತಿದ ಹಳದಿ ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಸಂಜೆ ತಮ್ಮನ ಹೆಂಡತಿಗೆ ಹೇಳಿದೆ. ಮೆಟ್ಟಿಲ ಮೇಲೆ ಕೂತು. "ಇಲಿಗಳು ಉಳಿಯಲಿಲ್ಲ. ಮೊದಲೇ ಕೊಟ್ಟರೆ ಮಾತ್ರ ಕೆಲಸ ಮಾಡುತ್ತೆ. ಈಗ ಆಗಲ್ಲ." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು. "ಮೊದಲೇ ಅಂದ್ರೆ ಎಷ್ಟು ಮೊದಲು ಅಕ್ಕ?" ಕಾಯಿಲೆ ಬರೋ ಮುಂಚೆ ಅಂದೆ. "ಅಂದ್ರೆ ಗುರುವಾರ, ಊಟಕ್ಕೆ ಬಂದಿದ್ರಲ್ಲ, ಆವತ್ತು ಕೊಟ್ಟಿದ್ರೆ..." ಅಂತ ಅಲ್ಲಿಗೇ ನಿಲ್ಲಿಸಿದಳು. ಅಯ್ಯೋ, ಹಾಗಲ್ಲ ಅಂತ ಅವಳ ಕೈ ಹಿಡಿದೆ. ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಅಮ್ಮನಿಗೆ ಹೇಳಲು ಧೈರ್ಯ ಬರಲಿಲ್ಲ. ನಾಳೆ ಹೇಳುತ್ತೇನೆ.

ಜೂನ್ 14, ಭಾನುವಾರ

ಇವತ್ತು ಆಮ್ಲಜನಕ ಸ್ವಲ್ಪ ಇಳಿಸಿದ್ದಾರೆ. ಬೋರಲು ಮಲಗಿಸಿದ್ದಕ್ಕೆ ಫಲ ಕಾಣುತ್ತಿದೆ, ಆದರೆ ಇನ್ನೂ ಏನೂ ಹೇಳಲಾಗದು ಅಂದರು ಡಾಕ್ಟರಮ್ಮ. ಅಮ್ಮನಿಗೆ ಮೊದಲರ್ಧ ಮಾತ್ರ ಕೇಳಿಸಿತು.

ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ನನ್ನ ಕಿವಿಯ ಹತ್ತಿರ ಬಾಗಿದಳು. "ಕೊಟ್ಟೆ ತಾನೆ?"

ನಾನು ನನ್ನ ಲೋಟ ತುಟಿಗೆ ಹಿಡಿದೆ.

"ಹೇಳಬೇಡ. ಡಾಕ್ಟರಿಗೆ ಗೊತ್ತಾದ್ರೆ ರಂಪ. ನನಗೆ ಗೊತ್ತಾಯ್ತು ಬಿಡು." ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬೆರಳಿನ ಹಳದಿ ಇನ್ನೂ ಹೋಗಿರಲಿಲ್ಲ, ಅದನ್ನು ನೋಡಿ ನಕ್ಕಳು. ಎಷ್ಟು ದಿನದ ಮೇಲೆ ಹೊಟ್ಟೆ ತುಂಬ ತಿಂದಳು. ಎಲ್ಲರಿಗೂ ಫೋನ್ ಮಾಡಿದಳು. ನನ್ನ ಮಗಳು, ನನ್ನ ಮಗಳು ಅಂತ.

ಇಲ್ಲ ಅನ್ನಬೇಕಿತ್ತು. ಆ ಮುಖ ನೋಡಿಕೊಂಡು ಯಾವ ಬಾಯಲ್ಲಿ ಅನ್ನಲಿ? ಅವನು ಎದ್ದು ಬಂದರೆ ಈ ಸುಳ್ಳು ಯಾರಿಗೂ ಬೇಡದ ಸುಳ್ಳು. ಎದ್ದು ಬರಲಿ ಮೊದಲು.

ಜೂನ್ 15, ಸೋಮವಾರ

ಮತ್ತೆ ಜ್ವರ. ಮೂತ್ರ ಬರುತ್ತಿಲ್ಲ. ಡಯಾಲಿಸಿಸ್ ಶುರು. ಬೆರಳುಗಳು ನೀಲಿ. ಪಟಾಕಿ ಬಣ್ಣದ ಪೆನ್ಸಿಲ್ಲಿನಲ್ಲಿ ಒಂದು ಚಿತ್ರ ಬರೆದು ಕಳಿಸಿದ್ದಾಳೆ — ಲಿಫ್ಟಿನೊಳಗೆ ಅಪ್ಪ. ನರ್ಸ್ ಅದನ್ನು ಮಾನಿಟರ್ ಪಕ್ಕ ಸಿಕ್ಕಿಸಿದಳು.

ಜೂನ್ 16, ಮಂಗಳವಾರ

ಮಧ್ಯಾಹ್ನ ಹೋದ.

ಜೂನ್ 25, ಗುರುವಾರ

ಬರೆಯಲು ಕೂತರೆ ಪೆನ್ನು ಏಳುವುದಿಲ್ಲ. ಇವತ್ತು ಬಲವಂತಕ್ಕೆ ಕೂತಿದ್ದೇನೆ.

ಮನೆಗೆ ಬಂದು ಹೋಗುವವರೆಲ್ಲ ಖಾಲಿಯಾದರು. ಒಬ್ಬೊಬ್ಬರಿಗೂ ಅಮ್ಮ ಒಂದೇ ಮಾತು ಹೇಳಿದಳು. "ನನ್ನ ಮಗಳು ಮದ್ದು ಕೊಟ್ಳು. ಅವತ್ತು ಚೇತರಿಸಿಕೊಂಡ ನೋಡಿ, ನನಗೆ ಹೋದ ಜೀವ ಬಂತು. ತಡ ಆಗಿತ್ತು ಅಷ್ಟೆ. ಇನ್ನೆರಡು ದಿನ ಮೊದಲು ಕೊಟ್ಟಿದ್ರೆ ಉಳೀತಿದ್ದ." ಬಂದವರು ನನ್ನ ಕಡೆ ತಿರುಗಿ ತಲೆದೂಗಿದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಲೋಟ ಎತ್ತಿದೆ, ತೊಳೆದೆ, ಒರೆಸಿದೆ. ಆ ಒಂದು ನಂಬಿಕೆಯ ಮೇಲೆ ಅಮ್ಮ ಊಟ ಮಾಡುತ್ತಿದ್ದಾಳೆ. ಅದನ್ನೂ ಕಿತ್ತುಕೊಳ್ಳಲೇ?

ಲ್ಯಾಬಿಗೆ ಹೋಗಿದ್ದೆ. ಸರ್ ಎದ್ದು ಬಂದು ಭುಜ ಮುಟ್ಟಿದರು, ಕಣ್ಣು ಒದ್ದೆಯಾಗಿತ್ತು, ಸುಳ್ಳಲ್ಲ. ಆಮೇಲೆ ಮೆಲ್ಲಗೆ, "ಆ ಕೊನೇ ಗುಂಪು... ಸಂಖ್ಯೆ ಚಿಕ್ಕದು. ಅದನ್ನ ಮುಂದಿನ ಪೇಪರ್‌ಗೆ ಇಟ್ಕೊಳ್ಳೋಣ್ವಾ?" ಅಂದರು. ಇದರಲ್ಲೇ ಹೋಗಬೇಕು, ಇಲ್ಲ ಅಂದರೆ ನನ್ನ ಹೆಸರು ತೆಗೆಯಿರಿ ಅಂದೆ. ನನ್ನ ದನಿ ಅಷ್ಟು ಜೋರಾಗಿತ್ತು ಅಂತ ಮಾವ ಬಾಗಿಲಲ್ಲಿ ಬಂದು ನಿಂತಾಗಲೇ ಗೊತ್ತಾದದ್ದು. "ಆಯ್ತು, ಹೋಗಲಿ" ಅಂದರು ಸರ್.

ಲ್ಯಾಬಿನಲ್ಲಿ ಸತ್ಯದ ಪರವಾಗಿ ಕಿರುಚಿ ಬಂದವಳು ಮನೆಯಲ್ಲಿ ಚಪ್ಪಲಿ ಬಿಟ್ಟು ಸುಮ್ಮನೆ ಅಡುಗೆಮನೆಗೆ ಹೋದೆ.

ಜೂನ್ 29, ಸೋಮವಾರ

ಮಧ್ಯಾಹ್ನ ತಮ್ಮನ ಹೆಂಡತಿ ಮಗುವನ್ನು ಹೊತ್ತುಕೊಂಡು ಬಂದಳು. ಆಟೋದವನನ್ನೂ ಕಳಿಸಿರಲಿಲ್ಲ, ಕೆಳಗೆ ಹಾರ್ನ್ ಹೊಡೆಯುತ್ತಿದ್ದ. ಪಟಾಕಿಗೆ ಬೆಳಗ್ಗೆಯಿಂದ ಮೈ ಬಿಸಿ. ಮಾತಿಲ್ಲ. ತನ್ನಮ್ಮನ ಹೆಗಲ ಮೇಲೆ ಕೆನ್ನೆ ಇಟ್ಟು ಕಣ್ಣು ಮುಚ್ಚಿಕೊಂಡಿತ್ತು.

ಮುಟ್ಟಿ ನೋಡಿದೆ. ಮಗುವಿನ ಗಂಟಲ ಪಕ್ಕ ಗಂಟು. ಉಸಿರು ಸರಿಯಾಗಿದೆ. ಉಸಿರನ್ನೇ ಮೊದಲು ನೋಡಿದೆ.

"ಗಂಟಲು ನೋವಿರಬೇಕು. ನಡಿ, ಮಕ್ಕಳ ಡಾಕ್ಟರ ಹತ್ರ ಹೋಗೋಣ."

ಅವಳು ಕದಲಲಿಲ್ಲ. "ಅಕ್ಕ, ಅದನ್ನ ಕೊಡಿ."

"ಯಾವುದನ್ನ?"

"ಮೊದಲೇ ಕೊಟ್ಟರೆ ಕೆಲಸ ಮಾಡುತ್ತೆ ಅಂದ್ರಲ್ಲ. ಇದು ಇನ್ನೂ ಶುರು. ಇನ್ನೂ ಏನೂ ಆಗಿಲ್ಲ ಇವಳಿಗೆ. ಈಗಲೇ ಕೊಟ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಕೊಡೇ. ಅವನಿಗೆ ತಡ ಮಾಡಿದ್ದು ಸಾಲ್ದಾ? ಲ್ಯಾಬಿಗೆ ಹೋಗಿ ತಗೊಂಡು ಬಾ, ಆಟೋ ಕೆಳಗೇ ಇದೆ."

"ಅಮ್ಮ, ಮಗುವಿಗೆ ಅದನ್ನ ಕೊಡೋಕಾಗಲ್ಲ. ಲಿವರ್ ಹೋಗುತ್ತೆ."

"ಅವನಿಗೆ ಕೊಟ್ಟೆಯಲ್ಲ, ಏನಾಯ್ತು? ಒಂದು ದಿನ ಚೇತರಿಸಿಕೊಂಡ!"

"ಅದು ಪುಡಿಯಿಂದ ಅಲ್ಲ."

"ಮತ್ತೆ ಯಾವುದರಿಂದ? ನಾನೇ ಕಣ್ಣಾರೆ ನೋಡಿದ್ನಲ್ಲ ನಿನ್ನ ಬೆರಳನ್ನ. ಸ್ವಂತ ತಮ್ಮನಿಗೆ ಕೊಟ್ಟವಳು ಅವನ ಮಗಳಿಗೆ ಇಲ್ಲ ಅಂತೀಯ?"

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನು ಕೊಡದಿದ್ದರೆ ಇವರು ಸುಮ್ಮನಿರುವುದಿಲ್ಲ. ನಾಳೆ ಯಾವುದೋ ಅಂಗಡಿಯ ಯಾವುದೋ ಎಲೆ ಪುಡಿ ಕಲಸಿ ಕುಡಿಸುತ್ತಾರೆ, ಡಾಕ್ಟರ ಹತ್ತಿರ ಹೋಗುವುದನ್ನು ತಡ ಮಾಡುತ್ತಾರೆ. ಅದೇ ತಡ. ಅವನನ್ನು ತಿಂದ ತಡ. ಅದು ನನ್ನ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ನಾನು ಕೊಡಲಿಲ್ಲ" ಅಂದೆ.

ಅಮ್ಮನಿಗೆ ಅರ್ಥವಾಗಲಿಲ್ಲ.

"ಅವನಿಗೆ ನಾನು ಕೊಡಲೇ ಇಲ್ಲಮ್ಮ. ತಗೊಂಡು ಹೋಗಿದ್ದೆ. ಕೊಡಲಿಲ್ಲ. ಮಾರನೇ ದಿನ ಸಿಂಕಿಗೆ ಚೆಲ್ಲಿದೆ. ಬೆರಳಿಗೆ ಹತ್ತಿದ್ದು ಅದು."

ಕೆಳಗೆ ಆಟೋ ಹಾರ್ನ್. ಪಟಾಕಿ ಕಣ್ಣು ಬಿಟ್ಟು, "ಅತ್ತೆ, ನೀರು" ಅಂತು. ಯಾರಾದರೂ ಕೂಗಿದ್ದರೆ, ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಅಮ್ಮ ಕುರ್ಚಿಯ ಹಿಂಬದಿ ಹಿಡಿದು ನಿಂತಳು. ತಮ್ಮನ ಹೆಂಡತಿ ಅಮ್ಮನನ್ನೂ ನನ್ನನ್ನೂ ನೋಡಿ, ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, "ಡಾಕ್ಟರ ಹತ್ರ ಹೋಗೋಣ ನಡೀರಿ" ಅಂದಳು. ದನಿ ನೆಟ್ಟಗಿತ್ತು. ಅವಳ ಹಿಂದೆ ಮೆಟ್ಟಿಲಿಳಿದೆ.

ಗಂಟಲಿನ ಸೋಂಕು. ಸಿಹಿ ಔಷಧಿ, ಐದು ದಿನ. ನೀರು ಚೆನ್ನಾಗಿ ಕುಡಿಸಿ ಅಂದರು.

ಜುಲೈ 2, ಗುರುವಾರ

ಪಟಾಕಿ ಹುಷಾರಾಗಿದ್ದಾಳೆ. ಫೋನಿನಲ್ಲಿ ತಲೆ ತಿಂದಳು. ಅವಳಮ್ಮ ಫೋನ್ ತೆಗೆದುಕೊಂಡು, "ಊಟ ಆಯ್ತಾ ಅಕ್ಕ?" ಅಂತ ಕೇಳಿದಳು. ಅಷ್ಟು ಕೇಳಿದ್ದಕ್ಕೇ ನನಗೆ ಅಳು ಬಂತು.

ಅಮ್ಮ ಮಾತಾಡುತ್ತಿಲ್ಲ. ತಟ್ಟೆ ಇಡುತ್ತಾಳೆ, ಎದುರು ಕೂರುವುದಿಲ್ಲ. ಫ್ರಿಜ್ ಬಾಗಿಲು ಖಾಲಿ. ಅಂಟಿನ ಕಲೆ ಉಳಿದಿದೆ, ಉಗುರಿನಿಂದ ಕೆರೆದರೂ ಹೋಗಿಲ್ಲ, ನನಗೂ ಅದನ್ನು ತೊಳೆಯುವ ಮನಸ್ಸಿಲ್ಲ.

ಜುಲೈ 7, ಮಂಗಳವಾರ

ಸಂಜೆ ನಾನು ಬಟ್ಟೆ ಮಡಿಸುತ್ತಿದ್ದೆ. ಅಮ್ಮ ಬಂದು ಮಂಚದ ಇನ್ನೊಂದು ತುದಿಯಲ್ಲಿ ಕೂತಳು. ಒಂದು ಟವೆಲ್ ಎತ್ತಿಕೊಂಡು ಮಡಿಸಿದಳು. ಬಿಚ್ಚಿದಳು. ಮತ್ತೆ ಮಡಿಸಿದಳು.

"ಕೊಟ್ಟಿದ್ರೆ?" ಅಂದಳು.

ಇಷ್ಟು ದಿನದ ಮೇಲೆ ಮೊದಲ ಮಾತು.

"ಕೊಟ್ಟಿದ್ರೂ ಉಳೀತಿರಲಿಲ್ಲಮ್ಮ. ಪುಡಿ ಕೊಟ್ಟ ಇಲಿಗಳೂ ಸತ್ತುಹೋದ್ವು."

"ಇಲಿ ವಿಷಯ ಕೇಳಲಿಲ್ಲ ನಾನು. ಅವನ ವಿಷಯ ಕೇಳ್ತಿದೀನಿ. ನಿನಗೆ ಖಂಡಿತ ಗೊತ್ತಾ?"

ಟವೆಲ್ ಅವಳ ಮಡಿಲಲ್ಲಿತ್ತು. ಹೌದು ಅಂದುಬಿಟ್ಟರೆ ಅವಳು ಒಂದಿಷ್ಟು ಮಲಗುತ್ತಾಳೆ. ಇನ್ನೊಂದು ಸುಳ್ಳು ನನಗೇನು ಭಾರ. ಆದರೆ ಅದು ಸುಳ್ಳೋ ಅಲ್ಲವೋ ಅಂತ ಕೂಡ ನನಗೆ ಗೊತ್ತಿಲ್ಲ. ಅಷ್ಟೂ ಇಲಿಗಳನ್ನು ತೂ﻿ಗಿದ್ದೇನೆ. ಅವನೊಬ್ಬನನ್ನು...

ಬಟ್ಟೆ ಬಿಟ್ಟು ಈ ಪುಸ್ತಕ ಎಳೆದುಕೊಂಡೆ. ಅಮ್ಮ ಇನ್ನೂ ಅಲ್ಲೇ ಕೂತಿದ್ದಾಳೆ. ಉತ್ತರಕ್ಕೆ ಕಾಯುತ್ತಿದ್ದಾಳೆ. ಬರೆಯುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿ ಹೇಳಬೇಕು, ಅಮ್ಮ, ನನಗೆ ಗೊತ್ತಿಲ್ಲ.